ಅತಿಥಿ ಕೋಣೆಗೆ ಯಾವ ಫೋನು? ವೈಫೈ, ಡೆಕ್ಟ್, ಹಳೇ ತಂತಿ, ಮೂರನ್ನೂ ಹಾಕಿ ನೋಡಿದೆ

ನಾನು ನೋಡಿಕೊಳ್ಳುವ ಹೋಟೆಲಿನಲ್ಲಿ ಕೋಣೆಗಳ ಹಳೇ ಫೋನು ತೆಗೆದು ವೈರ್‌ಲೆಸ್ ಹಾಕುವ ಮಾತು ಬಂದಾಗ ಸಭೆಯಲ್ಲಿ ಕೂತವರೆಲ್ಲ ಹೇಳಿದ್ದು ಒಂದೇ: "ವೈಫೈ ಹೇಗೂ ಇದೆಯಲ್ಲ, ವೈಫೈ ಫೋನೇ ಹಾಕಿಬಿಡಿ." ಹೊಸ ಕೇಬಲ್ ಬೇಡ, ಗೋಡೆ ಕೊರೆಯುವುದು ಬೇಡ. ಕೇಳುವುದಕ್ಕೆ ಸೊಗಸಾಗೇ ಇತ್ತು. ನನಗೇ ಯಾಕೋ ಧೈರ್ಯ ಬರಲಿಲ್ಲ. ಮೂರು ಮಹಡಿಗೆ ಮೂರು ಬಗೆ ಹಾಕಿ ನಾಲ್ಕು ತಿಂಗಳು ನೋಡೋಣ ಎಂದೆ. ಮೊದಲ ಮಹಡಿಗೆ ವೈಫೈ ಹ್ಯಾಂಡ್‌ಸೆಟ್, ಎರಡನೆಯದಕ್ಕೆ ಡೆಕ್ಟ್ (ವೈಫೈ ಇಲ್ಲದೆ ತನ್ನದೇ ತರಂಗದಲ್ಲಿ ಮಾತಾಡುವ ಕಾರ್ಡ್‌ಲೆಸ್ ಬಗೆ), ಮೂರನೆಯದಕ್ಕೆ ಗೋಡೆಯೊಳಗೆ ಆಗಲೇ ಇದ್ದ ತಾಮ್ರದ ತಂತಿಗೆ ಸಾದಾ ಕಾರ್ಡ್‌ಲೆಸ್. ಮೂರಕ್ಕೂ ಹಿಂದೆ ಕರೆ ಸೇರಿಸಿಕೊಡುವುದು ಒಂದೇ ಎಕ್ಸ್‌ಚೇಂಜ್, ಆಸ್ಟೆರಿಸ್ಕ್ ಎಂಬ ಸಾಫ್ಟ್‌ವೇರ್. ಹಾಗಾಗಿ ಎಡವಟ್ಟಾದಾಗ ಎಕ್ಸ್‌ಚೇಂಜನ್ನು ದೂರುವ ದಾರಿ ಇರಲಿಲ್ಲ.

ವೈಫೈ ಮಹಡಿಯ ಮೊದಲ ವಾರ ಹಬ್ಬದಂತಿತ್ತು. ಹಳೇ ಫೋನಿನಲ್ಲಿ ದನಿ 3.4 ಕಿಲೋಹರ್ಟ್ಸ್‌ಗೆ ನಿಂತುಬಿಡುತ್ತದೆ; ಇಲ್ಲಿ ದನಿಯನ್ನು ಡಿಜಿಟಲ್ ಮಾಡುವ ಜಿ.722 ಎಂಬ ಕೋಡೆಕ್ ಇದ್ದುದರಿಂದ 7ರವರೆಗೆ ಬರುತ್ತಿತ್ತು. ರಿಸೆಪ್ಷನ್‌ನವರು ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. ಮಹಡಿ ತುಂಬಿದ ಮೇಲೆ ಬಣ್ಣ ಬಯಲಾಯಿತು. ರಾತ್ರಿ ಒಂಬತ್ತಾದರೆ ಪ್ರತಿ ಕೋಣೆಯಲ್ಲೂ ವಿಡಿಯೋ, ಫೋನಿನಲ್ಲಿ ಮಾತು ತುಂಡು ತುಂಡು. ಒಂದು ಕರೆಗೆ ಬೇಕಾಗುವುದು ವಿಳಾಸ ಹೊತ್ತ ಹೆಡರ್ ಎಲ್ಲ ಸೇರಿ ಸೆಕೆಂಡಿಗೆ ಸುಮಾರು 80 ಕಿಲೋಬಿಟ್. ಅಷ್ಟು ವೇಗ ಯಾವ ಬಡ ವೈಫೈಯಲ್ಲೂ ಇರುತ್ತದೆ. ಕೊರತೆ ವೇಗದ್ದಲ್ಲ, ಸರದಿಯದು. ಮಾತಿನ ತುಣುಕು ಹೊತ್ತ ಪುಟ್ಟ ಪ್ಯಾಕೆಟ್‌ಗಳು ಸೆಕೆಂಡಿಗೆ 50ರಂತೆ ತಪ್ಪದೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ವಿಡಿಯೋ ತುಂಬಿಕೊಂಡ ಗಾಳಿಯಲ್ಲಿ ಅವು ಸಾಲಿನಲ್ಲಿ ನಿಂತುಬಿಡುತ್ತವೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ಫೋನುಗಳಿಗೇ ಬೇರೆ ಎಸ್‌ಎಸ್‌ಐಡಿ (ವೈಫೈ ಹೆಸರು), ಬೇರೆ ವಿ-ಲ್ಯಾನ್ (ಅದೇ ಕೇಬಲ್‌ಗಳಲ್ಲಿ ಪ್ರತ್ಯೇಕಿಸಿದ ನೆಟ್‌ವರ್ಕ್) ಮಾಡಿದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ ಆದ್ದರಿಂದ ಫೋನನ್ನು 5 ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿದೆ. ವೈಫೈಯಲ್ಲಿ ಮಾತಿಗೆ ಮೊದಲ ಸರದಿ ಕೊಡುವ ಡಬ್ಲ್ಯೂಎಂಎಂ ಆನ್ ಮಾಡಿ, ಮಾತಿನ ಪ್ಯಾಕೆಟ್‌ಗಳಿಗೆ ಡಿಎಸ್‌ಸಿಪಿ 46 ಎಂಬ ಆದ್ಯತೆಯ ಗುರುತು ಹಾಕಿಸಿದೆ. ಮಾತು ಸರಿಹೋಯಿತು, ಆದರೆ ಬಚ್ಚಲು ಕೈಕೊಟ್ಟಿತು. 5 ಗಿಗಾಹರ್ಟ್ಸ್ ಅಲೆಗೆ ಗೋಡೆ ದಾಟುವ ಕಸುವು ಕಡಿಮೆ. ವೈಫೈ ಹೊರಡಿಸುವ ನಮ್ಮ ಆಕ್ಸೆಸ್ ಪಾಯಿಂಟ್‌ಗಳಿರುವುದು ಓಣಿಯ ಛಾವಣಿಯಲ್ಲಿ, ನಡುವೆ ಟೈಲ್ಸು, ಆಳೆತ್ತರದ ಕನ್ನಡಿ. ನೀವು ಪರೀಕ್ಷೆ ಮಾಡುವುದಾದರೆ ಹಾಸಿಗೆಯ ಪಕ್ಕ ನಿಂತು ಮಾಡಬೇಡಿ. ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ರಾತ್ರಿ ಒಂಬತ್ತಕ್ಕೆ ಮಾಡಿ.

ಇನ್ನೊಂದು ನನ್ನ ತಲೆ ತಿಂದ ಕಥೆ. ಕೋಣೆಯಿಂದ ರಿಸೆಪ್ಷನ್‌ಗೆ ಮಾತು ಸರಿಯಾಗಿ ಹೋಗುತ್ತದೆ. ಕೋಣೆಯಿಂದ ಕೋಣೆಗೆ ಮಾಡಿದರೆ ರಿಂಗ್ ಆಗುತ್ತದೆ, ಎತ್ತಿದರೆ ಎರಡೂ ಕಡೆ ಮೌನ. ಎರಡು ದಿನ ಫೋನಿನೊಳಗಿನ ಸಾಫ್ಟ್‌ವೇರನ್ನು ಬೈದೆ. ಕಡೆಗೆ ನೋಡಿದರೆ ತಪ್ಪು ನನ್ನದೇ. ಅತಿಥಿಗಳ ಲ್ಯಾಪ್‌ಟಾಪ್‌ಗಳು ಒಂದನ್ನೊಂದು ನೋಡದಿರಲಿ ಎಂದು ಹಾಕಿದ್ದ ಕ್ಲೈಂಟ್ ಐಸೊಲೇಷನ್ ಸೆಟ್ಟಿಂಗು ಫೋನಿನ ಎಸ್‌ಎಸ್‌ಐಡಿಗೂ ನಕಲಾಗಿತ್ತು. ಕರೆ ಸೇರಿಸುವ ಸಂದೇಶ ಎಕ್ಸ್‌ಚೇಂಜ್ ಮೂಲಕ ಹೋಗುತ್ತದೆ, ಆದರೆ ಮಾತು ನೇರ ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗಲು ನೋಡುತ್ತದೆ, ಆಕ್ಸೆಸ್ ಪಾಯಿಂಟ್ ಅದನ್ನು ಅಲ್ಲೇ ತಡೆಯುತ್ತದೆ. ಐಸೊಲೇಷನ್ ಇರಲಿ ಎಂದು ಬಿಟ್ಟು, ಎಕ್ಸ್‌ಚೇಂಜಿನಲ್ಲಿ ಡೈರೆಕ್ಟ್ ಮೀಡಿಯಾ ಆಫ್ ಮಾಡಿದೆ. ಮಾತೂ ಎಕ್ಸ್‌ಚೇಂಜ್ ಹಾದು ಹೋಗತೊಡಗಿತು, ಮೌನ ಮುರಿಯಿತು.

ವೈಫೈ ಫೋನಿನ ಮೇಲೆ ನನಗೆ ಮನಸ್ಸು ಮುರಿದದ್ದು ಮಾತ್ರ ಒಂದು ಬೆಳಗಿನ ಜಾವ. ನಾಲ್ಕೂವರೆಗೆ ಎಬ್ಬಿಸಿ ಎಂದಿದ್ದ ಅತಿಥಿ ಆರಕ್ಕೆ ತಾವೇ ಎದ್ದು, ಶೂ ಲೇಸ್ ಕಟ್ಟದೆ ಕೆಳಗಿಳಿದು ಬಂದರು. ರಾತ್ರಿ ಆಕ್ಸೆಸ್ ಪಾಯಿಂಟ್‌ಗಳು ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗಿದ್ದವು. ಆ ಕೋಣೆಯ ಫೋನು ನೆಟ್‌ವರ್ಕಿಗೆ ಮರಳಿದ್ದರೂ ಎಕ್ಸ್‌ಚೇಂಜಿಗೆ ಮತ್ತೆ ರಿಜಿಸ್ಟರ್ ಆಗಿರಲಿಲ್ಲ. ಎಕ್ಸ್‌ಚೇಂಜ್ ಹೊತ್ತಿಗೆ ಸರಿಯಾಗಿ ಕರೆ ಮಾಡಿದೆ, ಫೋನು ಸಿಗಲಿಲ್ಲವೆಂದು ಲಾಗ್‌ನಲ್ಲಿ ಬರೆದಿದೆ, ಸುಮ್ಮನಾಗಿದೆ. ಲಾಗನ್ನು ನಾಲ್ಕೂವರೆಗೆ ಯಾರು ಓದುತ್ತಾರೆ? ಅವತ್ತೇ ಎರಡು ಕೆಲಸ ಮಾಡಿದೆ. ಒಂದು, ಪ್ರತಿ ನಿಮಿಷಕ್ಕೊಮ್ಮೆ ಎಕ್ಸ್‌ಚೇಂಜ್ ಎಲ್ಲ ಫೋನುಗಳನ್ನೂ "ಇದ್ದೀಯಾ" ಎಂದು ಕೇಳಬೇಕು. ಎರಡು, ಎಬ್ಬಿಸುವ ಕರೆ ಸೋತರೆ ಆ ಕ್ಷಣವೇ ರಿಸೆಪ್ಷನ್ ಫೋನು ಬಾರಿಸಬೇಕು, ಯಾರಾದರೂ ಹೋಗಿ ಬಾಗಿಲು ತಟ್ಟಬೇಕು. ಯಾವ ಫೋನು ಕೊಂಡರೂ ಈ ಎರಡು ಬಿಡಬೇಡಿ.

ಡೆಕ್ಟ್ ಮಹಡಿಯ ಬಗ್ಗೆ ಹೇಳಲು ಕಡಿಮೆ, ಅದೇ ಅದರ ಹೆಚ್ಚುಗಾರಿಕೆ. ಇಲ್ಲಿ ಹ್ಯಾಂಡ್‌ಸೆಟ್‌ಗೆ ಇಂಟರ್ನೆಟ್ ಗೊಡವೆಯೇ ಇಲ್ಲ. ಅದು ಮಾತಾಡುವುದು ಬೇಸ್ ಎಂಬ ಪೆಟ್ಟಿಗೆಯ ಜೊತೆ. ಬೇಸ್ ನೆಟ್‌ವರ್ಕ್ ಕೇಬಲ್‌ನಲ್ಲಿ ಕೂತು, ಎಕ್ಸ್‌ಚೇಂಜ್ ಜೊತೆ ಕರೆ ಸೇರಿಸುವ ಎಸ್‌ಐಪಿ ಭಾಷೆ ನೋಡಿಕೊಳ್ಳುತ್ತದೆ, ಕರೆಂಟೂ ಅದೇ ಕೇಬಲ್‌ನಲ್ಲಿ ಬರುತ್ತದೆ. ಡೆಕ್ಟ್‌ಗೆ ತನ್ನದೇ ತರಂಗದ ಜಾಗ ಇದೆ, ಯುರೋಪಿನಲ್ಲಿ 1880ರಿಂದ 1900 ಮೆಗಾಹರ್ಟ್ಸ್, ಅಮೆರಿಕದಲ್ಲಿ 1920ರಿಂದ 1930. ಹಾಗಾಗಿ ಅತಿಥಿಗಳ ವಿಡಿಯೋಗೂ ಇದಕ್ಕೂ ಜಗಳವಿಲ್ಲ. ಕೊಳ್ಳುವಾಗ ಮಾತ್ರ ನಿಮ್ಮ ದೇಶಕ್ಕೆ ಒಪ್ಪಿಗೆಯಿರುವ ತರಂಗದ ಮಾದರಿಯೇ ಹೌದೇ ಎಂದು ಪೆಟ್ಟಿಗೆ ತಿರುಗಿಸಿ ನೋಡಿ. ಒಂದು ದೇಶದ ಸಾಧನ ಇನ್ನೊಂದರಲ್ಲಿ ಕಾನೂನುಬಾಹಿರವಾಗಬಹುದು.

ಕಟ್ಟಡದೊಳಗೆ ಬೇಸ್ ಸುಮಾರು 50 ಮೀಟರ್ ಮುಟ್ಟುತ್ತದೆ ಎನ್ನುತ್ತಾರೆ. ಕಾಂಕ್ರೀಟ್ ಗೋಡೆಗಳ ನಡುವೆ ನಾನು ಅದರ ಅರ್ಧವನ್ನಷ್ಟೇ ನಂಬಿದೆ. ಯೀಲಿಂಕ್ ಡಬ್ಲ್ಯೂ70ಬಿಯಂಥ ಬೇಸ್ 10 ಹ್ಯಾಂಡ್‌ಸೆಟ್ ಹೊರುತ್ತದೆ, ಆದರೂ ನಾನು ಬೇಸ್ ಒಂದಕ್ಕೆ ನಾಲ್ಕೇ ಕೋಣೆ ಕೊಟ್ಟೆ. ಒಂದು ಕೆಟ್ಟರೆ ಹತ್ತು ಕೋಣೆ ಮೂಕವಾಗುವುದು ಬೇಡ. ಬ್ಯಾಟರಿಯಲ್ಲಿ ಹೋಲಿಕೆಯೇ ಇಲ್ಲ. ಅತಿಥಿಗಳು ಹ್ಯಾಂಡ್‌ಸೆಟ್ಟನ್ನು ದಿಂಬಿನ ಕೆಳಗೆ, ಸೋಫಾ ಸಂದಿಯಲ್ಲಿ ಬಿಟ್ಟುಬಿಡುತ್ತಾರೆ. ಚಾರ್ಜ್ ಆಗುವ ತೊಟ್ಟಿಲಿನಿಂದ ಹೊರಗಿಟ್ಟು ನೋಡಿದಾಗ ವೈಫೈಯದು ಮೂರನೇ ಬೆಳಗಿಗೆ ಸತ್ತಿತ್ತು. ಡೆಕ್ಟ್ ವಾರ ಕಳೆದರೂ ಉಸಿರಾಡುತ್ತಿತ್ತು.

ಡೆಕ್ಟ್‌ನಲ್ಲಿ ಕಂಡ ಪೇಚು ಬೇರೆ ಥರದ್ದು. ಹೌಸ್‌ಕೀಪಿಂಗ್‌ನವರು ಎದುರುಬದುರು ಎರಡು ಕೋಣೆ ಒಟ್ಟಿಗೆ ಗುಡಿಸುವಾಗ ಹ್ಯಾಂಡ್‌ಸೆಟ್‌ಗಳು ಅದಲುಬದಲಾದವು. ನಂಬರ್ ಇರುವುದು ಹ್ಯಾಂಡ್‌ಸೆಟ್ಟಿನಲ್ಲಿ, ಕೋಣೆಯಲ್ಲಲ್ಲ. 204ರವರು ಟವೆಲ್ ಕೇಳಿದರೆ 205ಕ್ಕೆ ಹೋಯಿತು, ಅವರ ಹೊರಗಿನ ಕರೆಯ ಬಿಲ್ಲೂ ಪಕ್ಕದವರಿಗೆ ಬಿತ್ತು. ಈಗ ಹ್ಯಾಂಡ್‌ಸೆಟ್‌ನ ಪರದೆಯ ಮೇಲೆ ಕೋಣೆಯ ನಂಬರ್ ದೊಡ್ಡದಾಗಿ ಬರುತ್ತದೆ, ಗುಡಿಸಿದ ಮೇಲೆ ಬಾಗಿಲ ನಂಬರಿಗೆ ತಾಳೆ ನೋಡುವುದು ಅವರ ಪಟ್ಟಿಯಲ್ಲಿ ಸೇರಿದೆ. ವೈಫೈ ಫೋನಿಗೂ ಇದೇ ಪೀಡೆ ಉಂಟು.

ಮೂರನೆಯ ಮಹಡಿಯ ಹಳೇ ತಂತಿಯನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಕೆಳಗೆ ಹಳೇ ತಂತಿಗಳನ್ನು ಎಕ್ಸ್‌ಚೇಂಜಿಗೆ ಜೋಡಿಸುವ ಒಂದು 24 ಪೋರ್ಟಿನ ಗೇಟ್‌ವೇ, ಮೇಲೆ ಸಾದಾ ಕಾರ್ಡ್‌ಲೆಸ್, ಅಷ್ಟೇ. ಕೋಣೆಯೊಳಗೆ ಪಾಸ್‌ವರ್ಡ್ ಇಲ್ಲ, ಐಪಿ ವಿಳಾಸ ಇಲ್ಲ, ಕೆಟ್ಟರೆ ಯಾರು ಬೇಕಾದರೂ ಹೊಸದು ಚುಚ್ಚಿ ಬರಬಹುದು. ದನಿ ಹಳೇದೇ, ಯಾರೂ ಗೊಣಗಲಿಲ್ಲ. ತಂತಿ ಗಟ್ಟಿಯಿದ್ದು ನೆಟ್‌ವರ್ಕ್ ಕೇಬಲ್ ಇಲ್ಲದ ಕಟ್ಟಡವಾದರೆ ಇದನ್ನೇ ಹಾಕಿ ಎನ್ನುತ್ತೇನೆ. ಅತಿಥಿಯ ಮೊಬೈಲಿಗೇ ಆ್ಯಪ್ ಕೊಡುವ ನಾಲ್ಕನೇ ದಾರಿಯನ್ನೂ ನೋಡಿದೆ. ಮೇಜಿನ ಮೇಲೆ ಕ್ಯೂಆರ್ ಕೋಡ್ ಇಟ್ಟೆವು. ಒಂದು ರಾತ್ರಿ ಇರುವವರು ಆ್ಯಪ್ ಹಾಕಿಕೊಳ್ಳುತ್ತಾರೆಯೇ? ಆ ಕಾರ್ಡು ಲೋಟದ ಕೆಳಗಿನ ತಟ್ಟೆಯಾಯಿತು.

ಯಾವ ಕಂಪನಿಯ ಕರಪತ್ರದಲ್ಲೂ ಇರದ ಒಂದು ವಿಷಯ: ಕರೆಂಟು. ಅತಿಥಿ ಕೀ ಕಾರ್ಡ್ ತೆಗೆದುಕೊಂಡು ಹೊರಟರೆ ಕೋಣೆಯ ಕರೆಂಟು ಹೋಗುತ್ತದಲ್ಲ, ಮಂಚದ ಪಕ್ಕದ ಸಾಕೆಟ್ಟೂ ಅದರೊಂದಿಗೆ ಹೋಗುತ್ತಿತ್ತು. ದಿನವಿಡೀ ಚಾರ್ಜ್ ಇಲ್ಲ, ಸಂಜೆ ಬಂದವರ ಕೈಯಲ್ಲಿ ಅರೆಜೀವದ ಫೋನು. ಎಲೆಕ್ಟ್ರಿಷಿಯನ್ ಕರೆಸಿ ಚಾರ್ಜರನ್ನು ಫ್ರಿಜ್ ಇರುವ ಸರ್ಕ್ಯೂಟಿಗೆ ಸೇರಿಸಿದೆವು.

ತುರ್ತು ಕರೆಯನ್ನು ಮಾತ್ರ ನಾನೇ ಪ್ರತಿ ಮಹಡಿಯಿಂದಲೂ ಪರೀಕ್ಷಿಸಿದೆ. 2013ರಲ್ಲಿ ಅಮೆರಿಕದ ಹೋಟೆಲ್ ಕೋಣೆಯೊಂದರಲ್ಲಿ ತಾಯಿಯ ಮೇಲೆ ದಾಳಿಯಾಗುತ್ತಿದ್ದಾಗ ಒಂಬತ್ತು ವರ್ಷದ ಮಗಳು ಅಲ್ಲಿನ ತುರ್ತು ನಂಬರ್ 911 ಮತ್ತೆ ಮತ್ತೆ ಒತ್ತಿದಳು. ಹೊರಗಿನ ಕರೆಗೆ ಮೊದಲು 9 ಒತ್ತಬೇಕೆಂದು ಆ ಮಗುವಿಗೆ ಗೊತ್ತಿರಲಿಲ್ಲ. ಕರೆ ಹೋಗಲೇ ಇಲ್ಲ. ತಾಯಿ ಉಳಿಯಲಿಲ್ಲ. ಆಮೇಲೆ ಆಕೆಯ ಹೆಸರಿನಲ್ಲೇ 2018ರಲ್ಲಿ ಕ್ಯಾರೀಸ್ ಲಾ ಬಂತು. ನಿಮ್ಮ ದೇಶದ ಕಾನೂನು ಏನೇ ಹೇಳಲಿ, ತುರ್ತು ನಂಬರನ್ನು ಮುಂದೆ ಯಾವ ಅಂಕೆಯೂ ಇಲ್ಲದೆ ನೇರ ಒತ್ತಿದರೂ ಹೋಗುವಂತೆ ಮಾಡಿ. ಅದೇ ಕ್ಷಣ ಯಾವ ಕೋಣೆಯೆಂದು ರಿಸೆಪ್ಷನ್‌ಗೂ ತಿಳಿಯಲಿ.

ನಾಲ್ಕು ತಿಂಗಳು ಮುಗಿದ ಮೇಲೆ ಮೊದಲ ಮಹಡಿಗೂ ಡೆಕ್ಟ್ ಹಾಕಿದೆ, ಮೂರನೆಯದನ್ನು ಮುಟ್ಟಲಿಲ್ಲ. ಕೋಣೆಯ ಫೋನು ಕೋಣೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಕಟ್ಟಡವಿಡೀ ಓಡಾಡಬಲ್ಲ ವೈಫೈ ಫೋನಿನ ಶಕ್ತಿ ಅಲ್ಲಿ ದಂಡ. ಬಿಚ್ಚಿಟ್ಟ ಆ ಹ್ಯಾಂಡ್‌ಸೆಟ್‌ಗಳನ್ನು ಹೌಸ್‌ಕೀಪಿಂಗ್ ಮೇಲ್ವಿಚಾರಕರಿಗೂ ಲಿಫ್ಟ್ ನೋಡುವವರಿಗೂ ಕೊಟ್ಟೆ. ಅವರು ದಿನಕ್ಕೆ ನೂರು ಸಲ ಮಹಡಿ ಹತ್ತಿ ಇಳಿಯುತ್ತಾರೆ, ರಾತ್ರಿ ತೊಟ್ಟಿಲಿಗಿಟ್ಟು ಮನೆಗೆ ಹೋಗುತ್ತಾರೆ. ಇದುವರೆಗೆ ಒಂದು ದೂರೂ ಬಂದಿಲ್ಲ.