ಮುಂಬೈ–ಗೋವಾ ಕ್ರೂಸ್: ಊಟಕ್ಕೆ ಫುಲ್ ಮಾರ್ಕ್ಸ್, ಕುಡಿಯೋದಕ್ಕೆ ಪಾಸ್ ಮಾರ್ಕ್ಸ್ ಅಷ್ಟೇ

ಹಡಗಿನ ಹೆಸರು ಬರೆಯುವುದಿಲ್ಲ. ಇಲ್ಲಿರುವ ತಕರಾರಿನಲ್ಲಿ ಅರ್ಧ ಎಲ್ಲ ಕ್ರೂಸ್ ಕಂಪನಿಗಳಿಗೂ ಹೊಂದುತ್ತದೆ. ಮುಂಬೈನ ಬಲ್ಲಾರ್ಡ್ ಪಿಯರ್‌ನಲ್ಲಿ ಹತ್ತಿ, ಗೋವಾ ನೋಡಿ, ವಾಪಸ್ ಮುಂಬೈಗೇ ಬಂದು ಇಳಿಯುವ ಟ್ರಿಪ್ ಇದು. ರೂಮು ಚಿಕ್ಕದು, ಆದರೆ ಚೊಕ್ಕ. ಊಟ ಭರ್ಜರಿ. ಜೈನ್ ಊಟ ಬೇರೆ ಸಿಗುತ್ತದೆ. ಸಂಜೆ ಡೆಕ್ ಮೇಲೆ ಗಾಳಿಗೆ ನಿಂತರೆ ಕೆಳಗೆ ಇಳಿಯೋಕೆ ಮನಸ್ಸೇ ಬರುವುದಿಲ್ಲ. ಇದಿಷ್ಟನ್ನು ಎಲ್ಲರೂ ಬರೆಯುತ್ತಾರೆ. ಯಾರೂ ಸರಿಯಾಗಿ ಬರೆಯದ ವಿಷಯ ಅಂದರೆ ಕುಡಿಯೋದು. ಎಣ್ಣೆ ಮಾತ್ರ ಅಲ್ಲ ಮಾರಾಯ್ರೇ, ನೀರು, ಕಾಫಿ, ಶರಬತ್ತು ಎಲ್ಲ ಸೇರಿಸಿ. ಮನೆಯಿಂದ ಏನು ಒಯ್ಯಬಹುದು, ಯಾವುದನ್ನು ಗೇಟಿನಲ್ಲೇ ಎತ್ತಿಟ್ಟುಕೊಳ್ಳುತ್ತಾರೆ, ಒಳಗೆ ಯಾವುದು ಫ್ರೀ, ಯಾವುದಕ್ಕೆ ಕಾರ್ಡ್ ಉಜ್ಜಬೇಕು ಅನ್ನೋದು ಟಿಕೆಟ್ ತೆಗೆಯುವಾಗಲೇ ಗೊತ್ತಿದ್ದರೆ ಒಳ್ಳೇದಲ್ವಾ?

ನಾವು ಮುಂಬೈ ಹತ್ತಿರದ ಡೊಂಬಿವಲಿಯವರು. ಇವರು, ನಾನು, ಮೈದುನ, ಅವನ ಹೆಂಡತಿ, ಮಕ್ಕಳು, ಜೊತೆಗೆ ಅತ್ತೆ. ಅತ್ತೆ ಉಡುಪಿ ಕಡೆಯವರು. ಮುಂಬೈಗೆ ಬಂದು ಎಷ್ಟು ವರ್ಷ ಆದರೂ ಅವರಿಗೆ ಬೆಳಿಗ್ಗೆ ಫಿಲ್ಟರ್ ಕಾಫಿ, ಮಧ್ಯಾಹ್ನ ಪುನರ್ಪುಳಿ (ಕೋಕಂ) ಶರಬತ್ತು ಆಗಲೇಬೇಕು. ಹಾಗಾಗಿ ಒಂದು ಸ್ಟೀಲ್ ಫ್ಲಾಸ್ಕ್ ತುಂಬಾ ಡಿಕಾಕ್ಷನ್, ಒಂದು ಬಾಟಲಿ ಸಿರಪ್. ಆ ಸಿರಪ್ ಯಾವ ಬಾಟಲಿಯಲ್ಲಿತ್ತು ಅಂದುಕೊಂಡಿರಿ? ಹಳೇ ರಮ್ ಬಾಟಲಿ. ನಮ್ಮ ಕಡೆ ಮನೆಗಳಲ್ಲಿ ಇದೇನೂ ಹೊಸದಲ್ಲ. ಗಾಜು ಗಟ್ಟಿ, ಮುಚ್ಚಳ ಬಿಗಿ, ಜೇನುತುಪ್ಪ ತೆಂಗಿನೆಣ್ಣೆ ಎಲ್ಲ ಅಂಥದ್ದರಲ್ಲೇ ಇರುತ್ತದೆ. ಆದರೆ ಎಕ್ಸ್‌ರೇ ಮೆಷಿನ್ ಮುಂದೆ ಕೂತವರಿಗೆ ಇದನ್ನು ವಿವರಿಸಬೇಕಲ್ಲ. ಕಡುಗೆಂಪು ಬಣ್ಣ, ರಮ್ ಬಾಟಲಿ, ಅದನ್ನು ಹಿಡಿದವರು ಹತ್ತಿ ಸೀರೆ ಉಟ್ಟ ಅಜ್ಜಿ. ಅಲ್ಲಿದ್ದ ಹುಡುಗ ಮುಚ್ಚಳ ತೆಗೆದು ಮೂಸಿದ, ನಕ್ಕ, ಆದರೂ ಬಿಡಲಿಲ್ಲ. ಮನೆಯಲ್ಲಿ ತುಂಬಿಸಿದ, ಸೀಲ್ ಇಲ್ಲದ ಯಾವುದೂ ಒಳಗೆ ಹೋಗುವ ಹಾಗಿಲ್ಲವಂತೆ. ಫ್ಲಾಸ್ಕ್ ಬೇಕಿದ್ದರೆ ಖಾಲಿ ಮಾಡಿ ಒಯ್ಯಿರಿ ಅಂದ. ಅತ್ತೆ ಅಲ್ಲೇ ನಿಂತು ಎರಡು ಲೋಟ ಡಿಕಾಕ್ಷನ್ ಹಾಗೇ ಕುಡಿದರು. ಉಳಿದದ್ದು ಸಿಂಕಿಗೆ.

ಮೈದುನನ ಕತೆ ಬೇರೆ. ಅವನು ವಿಸ್ಕಿ ಬಾಟಲಿಯನ್ನು ಜೀನ್ಸ್ ಪ್ಯಾಂಟಿನಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದ. ಸೂಟ್‌ಕೇಸ್‌ಗಳನ್ನು ಟರ್ಮಿನಲ್‌ನಲ್ಲೇ ಟ್ಯಾಗ್ ಹಾಕಿ ತೆಗೆದುಕೊಳ್ಳುತ್ತಾರೆ, ಆಮೇಲೆ ಅವು ತಾವಾಗಿ ರೂಮಿನ ಬಾಗಿಲಿಗೆ ಬರುತ್ತವೆ. ನಮ್ಮದೆಲ್ಲ ಬಂತು, ಅವನದು ಬರಲಿಲ್ಲ. ಹೋಗಿ ವಿಚಾರಿಸಿದರೆ ಕೆಳಗಿನ ಡೆಕ್‌ನಲ್ಲಿ ಒಂದು ಕೋಣೆ, ಅಲ್ಲಿ ಇಂಥವೇ ಸೂಟ್‌ಕೇಸ್‌ಗಳ ಸಾಲು, ಪಕ್ಕದಲ್ಲಿ ಮುಖ ಸಣ್ಣ ಮಾಡಿಕೊಂಡು ನಿಂತ ಗಂಡಸರ ಸಾಲು. ಎದುರಿಗೇ ತೆಗೆಸಿ, ಬಾಟಲಿ ಹೊರಗಿಟ್ಟು, ಚೀಟಿ ಕೊಟ್ಟರು. ಇಳಿಯುವ ದಿನ ವಾಪಸ್. ಅಲ್ಲಿದ್ದ ಸಿಬ್ಬಂದಿಯಲ್ಲಿ ಒಬ್ಬ ಮಂಗಳೂರಿನ ಹುಡುಗ. ನಾವು ಕನ್ನಡ ಮಾತಾಡಿದ್ದು ಕೇಳಿ, "ಅಣ್ಣ, ಬೇಜಾರು ಮಾಡ್ಬೇಡಿ, ಪ್ರತಿ ಟ್ರಿಪ್ಪಿನಲ್ಲೂ ಇದೇ. ಶಾಂಪೂ ಬಾಟಲಿಯಲ್ಲಿ ವೋಡ್ಕಾ ತುಂಬಿಸಿಕೊಂಡು ಬರೋರೂ ಇದ್ದಾರೆ" ಅಂದ. ಮೈದುನ ಸ್ವಲ್ಪ ಸಮಾಧಾನ ಆದ. ನನಗಂತೂ ಆ ಕೋಣೆಯಲ್ಲೇ ಟ್ರಿಪ್ಪಿನ ದುಡ್ಡು ಅರ್ಧ ವಸೂಲಾಯಿತು.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಬಾರ್ ಹಡಗಿನ ದೊಡ್ಡ ಆದಾಯ. ಟಿಕೆಟ್ ದರ ಕಡಿಮೆ ತೋರಿಸಿ, ಒಳಗೆ ಬಂದ ಮೇಲೆ ಬಾರ್, ಕ್ಯಾಸಿನೊ, ಸ್ಪಾ ಇವುಗಳಲ್ಲಿ ದುಡಿಯುವುದು ಪ್ರಪಂಚದ ಬಹಳಷ್ಟು ಕ್ರೂಸ್‌ಗಳ ಲೆಕ್ಕಾಚಾರ. ಅದು ಬಿಡಿ, ನಡು ಸಮುದ್ರದಲ್ಲಿ ಒಬ್ಬ ಬಾಲ್ಕನಿ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬಾಟಲಿ ಖಾಲಿ ಮಾಡಿದರೆ ತಡೆಯುವವರು ಯಾರು? ಬಾರ್‌ನಲ್ಲಾದರೆ ಜಾಸ್ತಿ ಆಯ್ತು ಅನ್ನಿಸಿದರೆ ಕೊಡುವುದು ನಿಲ್ಲಿಸುತ್ತಾರೆ. ಈ ನಿಯಮ ಒಪ್ಪಬಹುದು.

ಹಾಗಂತ ಎಲ್ಲ ಕಂಪನಿಗಳೂ ಇಷ್ಟು ಬಿಗಿ ಅಲ್ಲ. ನಮ್ಮವರು ಬಹಳ ಜನ ಈಗ ಸಿಂಗಾಪುರಕ್ಕೆ ಹೋಗಿ ಅಲ್ಲಿಂದ ರಾಯಲ್ ಕೆರಿಬಿಯನ್ ಹಡಗು ಹತ್ತುತ್ತಾರಲ್ಲ, ಅವರಲ್ಲಿ ಕುಡಿಯುವ ವಯಸ್ಸಾದ ಪ್ರತಿಯೊಬ್ಬರೂ ಹತ್ತುವ ದಿನ 750 ಮಿ.ಲೀ.ನ ಒಂದು ವೈನ್ ಬಾಟಲಿ ಒಯ್ಯಬಹುದು. ರೂಮಿನಲ್ಲಿ ಕುಡಿದರೆ ಏನೂ ಕೇಳುವುದಿಲ್ಲ, ರೆಸ್ಟೋರೆಂಟಿಗೆ ತಂದರೆ ಬಾಟಲಿ ತೆರೆಯೋಕೆ ಅಂತ 15 ಡಾಲರ್ ಹಾಕುತ್ತಾರೆ. ಅಮೆರಿಕದ ಕಾರ್ನಿವಲ್‌ನವರು ಒಂದು ವೈನ್ ಬಾಟಲಿ, ಜೊತೆಗೆ ಒಬ್ಬರಿಗೆ 12 ಕ್ಯಾನ್ ಕೋಲಾ ಜ್ಯೂಸ್ ಬಿಡುತ್ತಾರೆ, ಆದರೆ ಕೋಲಾ ಜ್ಯೂಸ್ ಬಾಟಲಿಯಲ್ಲಿ ಅಲ್ಲ, ಕ್ಯಾನ್ ಅಥವಾ ಡಬ್ಬಿಯಲ್ಲಿ ಮಾತ್ರ. 2015ರಲ್ಲಿ ಅವರು ನೀರಿನ ಬಾಟಲಿಯನ್ನೂ ನಿಲ್ಲಿಸಿದರು. ಜನ ನೀರಿನ ಬಾಟಲಿಯಲ್ಲೇ ಮದ್ಯ ತುಂಬಿಸಿ ತರುತ್ತಿದ್ದರು, ಒಂದೊಂದನ್ನೂ ಬಿಚ್ಚಿ ನೋಡುವುದರಲ್ಲಿ ಕ್ಯೂ ಕರಗುತ್ತಿರಲಿಲ್ಲ. ಡಿಸ್ನಿಯವರು ಇವರಿಬ್ಬರಿಗಿಂತ ಧಾರಾಳ: ದೊಡ್ಡವರಿಗೆ ತಲಾ ಎರಡು ವೈನ್ ಬಾಟಲಿ ಇಲ್ಲವೇ ಆರು ಬಿಯರ್. ವಿಸ್ಕಿ, ರಮ್ ತರುತ್ತೇನೆ ಅಂದರೆ ಈ ಮೂವರಲ್ಲಿ ಯಾರೂ ಬಿಡುವುದಿಲ್ಲ. ಇವೆಲ್ಲ ಆಗಾಗ ಬದಲಾಗುತ್ತವೆ, ಹೊರಡುವ ಮುಂಚೆ ಒಮ್ಮೆ ಅವರ ವೆಬ್‌ಸೈಟ್ ನೋಡಿಕೊಳ್ಳಿ.

ನನ್ನ ಸಿಟ್ಟು ಮದ್ಯದ ಬಗ್ಗೆ ಅಲ್ಲ, ಉಳಿದದ್ದರ ಬಗ್ಗೆ. ನನ್ನ ಬಾಟಲಿ ಎತ್ತಿಟ್ಟುಕೊಂಡಿರಿ, ಸರಿ. ಅದರ ಬದಲು ಒಳಗೆ ಏನಾದರೂ ಕೊಡಬೇಕಲ್ವಾ?

ನೀರಿನಿಂದ ಶುರು ಮಾಡೋಣ. ರೂಮಿನ ಟೇಬಲ್ ಮೇಲೆ ಚಂದದ ಬಾಟಲಿ ಇಟ್ಟಿರುತ್ತಾರೆ. ಅದು ಫ್ರೀ ಅಲ್ಲ, ಕುತ್ತಿಗೆಗೆ ಒಂದು ಚಿಕ್ಕ ಚೀಟಿ ನೇತಾಡುತ್ತಿರುತ್ತದೆ, ಓದಿ. ನಮ್ಮ ಮನೆ ಕೆಳಗಿನ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವ ನೀರಿಗೆ ಅಲ್ಲಿಯ ರೇಟು ಕೇಳಿದರೆ ಬಾಯಾರಿಕೆಯೇ ಹೋಗುತ್ತದೆ. ಆದರೆ ಬಫೆ ಹಾಲ್‌ನಲ್ಲಿ ನೀರಿನ ಮೆಷಿನ್ ಇದೆ, ಅದು ಪೂರ್ತಿ ಫ್ರೀ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಹಡಗುಗಳಲ್ಲಿ ಸಮುದ್ರದ ನೀರನ್ನೇ ಕಾಯಿಸಿ ಆವಿ ಮಾಡಿಯೋ ಆರ್‌ಓ ಮಾಡಿಯೋ ಉಪ್ಪು ತೆಗೆದು ಕುಡಿಯುವ ನೀರು ಮಾಡುತ್ತಾರೆ. ರುಚಿ ಸ್ವಲ್ಪ ಸಪ್ಪೆ, ಅಷ್ಟೇ. ಮಕ್ಕಳು ಮೊದಲ ದಿನ ಮುಖ ಸಿಂಡರಿಸಿದರು, ಆಮೇಲೆ ಮರೆತೇಹೋದರು. ತಲಾ ಒಂದು ಖಾಲಿ ಬಾಟಲಿ ಇಟ್ಟುಕೊಂಡರೆ ನೀರಿಗೆ ಒಂದು ಪೈಸೆಯೂ ಖರ್ಚಿಲ್ಲ.

ಕಾಫಿ ವಿಷಯದಲ್ಲಿ ಮಾತ್ರ ಹಡಗಿಗೆ ನಾನು ಸೊನ್ನೆ ಕೊಡುತ್ತೇನೆ. ಬಫೆಯಲ್ಲಿ ಸಿಗೋದು ಮೆಷಿನ್ ಕಾಫಿ. ಬಟನ್ ಒತ್ತಿದರೆ ಕಂದು ನೀರು ಸುರಿಯುತ್ತದೆ. ಒಳ್ಳೇ ಕಾಫಿ ಬೇಕಾದರೆ ಕೆಫೆಗೆ ಹೋಗಿ ದುಡ್ಡು ಕೊಡಬೇಕು, ಅಲ್ಲೂ ಕ್ಯಾಪುಚಿನೋ, ಲಾಟೆ ಬಿಟ್ಟರೆ ನಮ್ಮದು ಇಲ್ಲ. ಮಾಟುಂಗಾದ ಉಡುಪಿ ಹೋಟೆಲ್ಲುಗಳು ಇಷ್ಟು ವರ್ಷ ಫಿಲ್ಟರ್ ಕಾಫಿ ಕುಡಿಸಿದ ಊರಿನಿಂದ ಹೊರಡುವ ಹಡಗು ಇದು ಸ್ವಾಮಿ! ಬೆಳಗಿನ ತಿಂಡಿಗೆ ಇಡ್ಲಿ ಸಾಂಬಾರ್ ಇಡುತ್ತಾರೆ, ಅದರ ಪಕ್ಕ ಒಂದು ಡಿಕಾಕ್ಷನ್ ಪಾತ್ರೆ ಇಡೋಕೆ ಏನು ಕಷ್ಟ?

ಇದಕ್ಕೆ ಉಪಾಯ ಕಂಡುಹಿಡಿದದ್ದು ಅತ್ತೆಯೇ. ಅವರ ಕೈಚೀಲದಲ್ಲಿ ಸೀಲ್ ಒಡೆಯದ ಕಾಫಿಪುಡಿ ಪೊಟ್ಟಣ ಇತ್ತು, ಚಿಕ್ಕ ಸ್ಟೀಲ್ ಫಿಲ್ಟರೂ ಇತ್ತು. ಪುಡಿಗೆ ಯಾರೂ ಏನೂ ಅನ್ನಲಿಲ್ಲ. ಆದರೆ ಮೈದುನನ ಹೆಂಡತಿ ತಂದ ಎಲೆಕ್ಟ್ರಿಕ್ ಕೆಟಲ್ ಎತ್ತಿಟ್ಟುಕೊಂಡರು. ಬೆಂಕಿಯ ಭಯಕ್ಕೆ ಕೆಟಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡ್ ಇಂಥವನ್ನು ಕ್ರೂಸ್‌ನವರು ಬಿಡುವುದಿಲ್ಲ, ಸುಮ್ನೆ ಹೊತ್ತುಕೊಂಡು ಹೋಗಬೇಡಿ. ಬಿಸಿನೀರು ಬಫೆಯ ಟೀ ಮೆಷಿನ್‌ನಲ್ಲೇ ಬರುತ್ತದೆ. ಅದು ಕುದಿಯುವ ನೀರಲ್ಲ, ಹಾಗಾಗಿ ಡಿಕಾಕ್ಷನ್ ತೆಳ್ಳಗೆ ಇಳಿಯುತ್ತದೆ. ಪುಡಿ ಎರಡು ಚಮಚ ಜಾಸ್ತಿ ಹಾಕಿ, ರಾತ್ರಿಯೇ ಇಳಿಸಿಟ್ಟರೆ ಬೆಳಿಗ್ಗೆಗೆ ಗಟ್ಟಿ ಇರುತ್ತದೆ. ಬಿಸಿ ಹಾಲು ಕಾರ್ನ್‌ಫ್ಲೇಕ್ಸ್ ಇಡುವ ಕಡೆ ಇರುತ್ತದೆ, ಇಲ್ಲದಿದ್ದರೆ ಕೇಳಿದರೆ ತಂದುಕೊಡುತ್ತಾರೆ. ಎರಡನೇ ಬೆಳಿಗ್ಗೆ ನಮ್ಮ ಟೇಬಲ್ಲಿನ ಘಮಕ್ಕೆ ಪಕ್ಕದ ಟೇಬಲ್ಲಿನ ತಮಿಳು ದಂಪತಿ ಲೋಟ ಹಿಡಿದು ಬಂದರು. ಅತ್ತೆಗೆ ಆ ದಿನ ಬೇರೆ ಸೈಟ್‌ಸೀಯಿಂಗ್ ಏನೂ ಬೇಕಾಗಲಿಲ್ಲ.

ಪುನರ್ಪುಳಿಗೂ ಇದೇ ದಾರಿ. ಸಿರಪ್ ಒಯ್ಯಬೇಡಿ, ಒಣ ಸಿಪ್ಪೆ ಒಯ್ಯಿರಿ. ಪೊಟ್ಟಣದಲ್ಲಿ ಹಿಡಿಯಷ್ಟು ಸಾಕು. ಊಟಕ್ಕೆ ಅರ್ಧ ಗಂಟೆ ಮುಂಚೆ ಬಿಸಿನೀರಿನಲ್ಲಿ ನೆನೆಹಾಕಿ, ಹಿಂಡಿ, ಬಫೆಯ ಸಕ್ಕರೆ, ಉಪ್ಪು, ಐಸ್ ಸೇರಿಸಿದರೆ ಶರಬತ್ತು ರೆಡಿ. ಅಲ್ಲ, ರತ್ನಾಗಿರಿ, ಸಿಂಧುದುರ್ಗದ ಎದುರಿಗೇ ಹಾದುಹೋಗುವ ಹಡಗು, ಆ ಇಡೀ ಕರಾವಳಿಯಲ್ಲಿ ಊಟದ ಜೊತೆ ಪುನರ್ಪುಳಿಯ ಸೋಲ್‌ಕಢಿ ಇಲ್ಲದ ಖಾನಾವಳಿ ಇಲ್ಲ, ಇವರ ಬಫೆಯಲ್ಲಿ ಮಾತ್ರ ಕಿತ್ತಳೆ ಬಣ್ಣದ ಪುಡಿ ಜ್ಯೂಸ್! ಇದನ್ನು ಫೀಡ್‌ಬ್ಯಾಕ್ ಫಾರ್ಮಿನಲ್ಲೂ ಬರೆದಿದ್ದೇನೆ. ಪುಣ್ಯಕ್ಕೆ ಮಜ್ಜಿಗೆ ಇತ್ತು, ಚೆನ್ನಾಗಿಯೂ ಇತ್ತು.

ಚಿಕ್ಕ ಮಕ್ಕಳ ಹಾಲಿನಪುಡಿ, ಔಷಧಿಯ ಸಿರಪ್, ಓಆರ್‌ಎಸ್ ಇವುಗಳಿಗೆ ನಮಗೇನೂ ತೊಂದರೆ ಆಗಲಿಲ್ಲ. ಡಾಕ್ಟರ್ ಚೀಟಿ ಜೊತೆಗಿದ್ದರೆ ಮಾತು ಬೇಗ ಮುಗಿಯುತ್ತದೆ. ಹೊಟ್ಟೆ ತೊಳಸುವವರು ಶುಂಠಿ ಪೆಪ್ಪರ್‌ಮೆಂಟ್ ಇಟ್ಟುಕೊಳ್ಳಿ.

ಇನ್ನು ಗೋವಾ. ಹಡಗು ಮೊರ್ಮುಗಾವ್ ಬಂದರಿಗೆ ಬರುತ್ತದೆ, ಅಲ್ಲಿಂದ ವಾಸ್ಕೊ ಪೇಟೆ ಹತ್ತಿರ. ಪೇಟೆಗೆ ಕಾಲಿಟ್ಟ ಕೂಡಲೇ ಗಂಡಸರ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ. "ಅತ್ತಿಗೆ, ಇದು ಕುಡಿಯೋಕಲ್ಲ, ಊರಿಗೆ ಗಿಫ್ಟು" ಅಂತ ಮೈದುನ ಗೇರುಹಣ್ಣಿನ ಫೆನಿ ತೆಗೆದುಕೊಂಡ. 2009ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ ಅಂತ ಭಾಷಣವೂ ಆಯಿತು. ಹಡಗಿನ ಏಣಿ ಹತ್ತುವಾಗ ಮತ್ತೆ ಎಕ್ಸ್‌ರೇ, ಮತ್ತೆ ಚೀಟಿ. ಕೊಳ್ಳುವವರು ಒಂದು ನೆನಪಿಡಿ: ಹಡಗು ವಾಪಸ್ ಕೊಟ್ಟರೆ ಮುಗಿಯಲಿಲ್ಲ, ನೀವು ಇಳಿಯೋದು ಮಹಾರಾಷ್ಟ್ರದಲ್ಲಿ. ಗೋವಾದ ಮದ್ಯವನ್ನು ಪರ್ಮಿಟ್ ಇಲ್ಲದೆ ಇಲ್ಲಿಗೆ ತರುವುದು ಅಪರಾಧ. ಯಾವ ಪರ್ಮಿಟ್ ಬೇಕು ಅಂತ ಕೊಳ್ಳುವ ಮುಂಚೆಯೇ ಮಹಾರಾಷ್ಟ್ರದ ಅಬಕಾರಿ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ವಯಸ್ಸಿನ ಲೆಕ್ಕವೂ ಬೇರೆ: ಗೋವಾದಲ್ಲಿ 18 ಆದರೆ ಸಾಕು, ಮಹಾರಾಷ್ಟ್ರದಲ್ಲಿ ವಿಸ್ಕಿ ರಮ್‌ಗೆ 25 ಆಗಿರಬೇಕು. ಇಲ್ಲಿ 1949ರ ಪಾನನಿಷೇಧ ಕಾಯ್ದೆ ಇನ್ನೂ ಇದೆ, ಕುಡಿಯೋಕೇ ಪರ್ಮಿಟ್ ಬೇಕು ಅನ್ನೋದು ಮುಂಬೈನಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನಕ್ಕೆ ಗೊತ್ತಿಲ್ಲ.

ವಾಪಸ್ ಕೊಡುವ ವ್ಯವಸ್ಥೆ ಮಾತ್ರ ಕೆಟ್ಟದಾಗಿತ್ತು. ಇಳಿಯುವ ಬೆಳಿಗ್ಗೆ ಎಲ್ಲರೂ ಒಂದೇ ಕೌಂಟರಿಗೆ. ಚೀಟಿ ನಂಬರಿನ ಪ್ರಕಾರ ಜೋಡಿಸಿಲ್ಲ, ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕಿದ್ದಾರೆ, ಒಬ್ಬೊಬ್ಬರ ಬಾಟಲಿಯನ್ನೂ ಹುಡುಕಿ ಹುಡುಕಿ ಕೊಡಬೇಕು. ಒಬ್ಬರಿಗೆ ತಮ್ಮದಲ್ಲದ ಬಾಟಲಿ ಹೋಯಿತು, ಜಗಳ, ಮರಾಠಿ ಗುಜರಾತಿ ಹಿಂದಿಯಲ್ಲಿ ಬೈಗುಳ. ಹಿಂದಿನ ರಾತ್ರಿಯೇ ರೂಮಿಗೆ ತಲುಪಿಸಿದ್ದರೆ ಇದ್ಯಾವುದೂ ಇಲ್ಲ. ಕೆಟಲ್ ಸಿಕ್ಕಿತು, ಅದರ ವೈರ್ ಸಿಗಲಿಲ್ಲ.

ಡ್ರಿಂಕ್ಸ್ ಪ್ಯಾಕೇಜ್ ತಗೊಳ್ಳಬೇಕಾ ಅಂತ ಕೇಳುವವರಿಗೆ: ಇಷ್ಟು ಚಿಕ್ಕ ಟ್ರಿಪ್ಪಿಗೆ ಬೇಡ. ಅರ್ಧ ದಿನ ಹತ್ತೋದು ಇಳಿಯೋದರಲ್ಲಿ ಹೋಗುತ್ತದೆ, ಗೋವಾದಲ್ಲಿ ಹೊರಗೆ ಸುತ್ತುತ್ತೀರಿ, ಉಳಿದ ಹೊತ್ತಿನಲ್ಲಿ ಕೊಟ್ಟ ದುಡ್ಡಿನಷ್ಟು ಕುಡಿದು ಮುಗಿಸುತ್ತೇನೆ ಅಂದರೆ ಟ್ರಿಪ್ಪಿನ ಬೇರೆ ಏನೂ ನೆನಪಿರುವುದಿಲ್ಲ. ಬೇಕಾದಾಗ ಒಂದೊಂದೇ ತರಿಸಿಕೊಳ್ಳಿ. ಕೆಲವು ದೊಡ್ಡ ವಿದೇಶಿ ಹಡಗುಗಳಲ್ಲಿ ಇನ್ನೊಂದು ಕೊಕ್ಕೆ ಇದೆ, ಒಂದೇ ರೂಮಿನಲ್ಲಿರುವ ದೊಡ್ಡವರಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ತೆಗೆದುಕೊಂಡರೆ ಇನ್ನೊಬ್ಬರೂ ತೆಗೆದುಕೊಳ್ಳಲೇಬೇಕು ಅನ್ನುತ್ತಾರೆ. ಗಂಡ ಕುಡಿದು ಹೆಂಡತಿ ನಿಂಬೆ ಸೋಡಾ ಕುಡಿಯುವ ನಮ್ಮಂಥ ಮನೆಗಳಿಗೆ ಅದು ಪೂರ್ತಿ ಲಾಸ್. ಮಕ್ಕಳಿಗೆ ಕೋಲಾ ಪ್ಯಾಕೇಜ್ ಕೂಡ ಬೇಡ, ಬಫೆಯ ಮಜ್ಜಿಗೆ, ಐಸ್‌ಟೀ ಕುಡಿದುಕೊಂಡಿರುತ್ತಾರೆ.

ಲಕ್ಷದ್ವೀಪದ ಕಡೆ ಹೋಗುವ ಕ್ರೂಸ್ ಬುಕ್ ಮಾಡಿದ್ದರೆ ಕೈಯಲ್ಲಿ ಏನೂ ಹಿಡಿದುಕೊಂಡು ದ್ವೀಪಕ್ಕೆ ಇಳಿಯಬೇಡಿ. ಜನ ವಾಸ ಇರುವ ಅಲ್ಲಿಯ ದ್ವೀಪಗಳಲ್ಲಿ ಮದ್ಯ ನಿಷೇಧ ಇದೆ, ಅಲ್ಲಿ ಸಿಕ್ಕಿಬಿದ್ದರೆ ಹಡಗಿನವರ ಹಾಗೆ ಚೀಟಿ ಕೊಟ್ಟು ಕಳಿಸುವುದಿಲ್ಲ. ಎಳನೀರು ಕುಡಿಯಿರಿ.