ಕಡಲಕಳೆ ಬಿತ್ತನೆ ತರಲು ಗೋಣಿಚೀಲವೋ, ಥರ್ಮಾಕೋಲ್ ಪೆಟ್ಟಿಗೆಯೋ?

ಉತ್ತರ ಕನ್ನಡದ ನಮ್ಮ ಕಡಲಲ್ಲಿ ಮಳೆಗಾಲದ ಅಬ್ಬರಕ್ಕೆ ಕಡಲಕಳೆ ಬೆಳೆಯುವ ಬಿದಿರಿನ ತೆಪ್ಪ ನಿಲ್ಲುವುದಿಲ್ಲ. ಹಾಗಾಗಿ ಕಪ್ಪಾಫೈಕಸ್ ಎಂಬ ಕಡಲಕಳೆ ಬೆಳೆಯಲು ಮಳೆ ಮುಗಿದ ಮೇಲೆ ತಮಿಳುನಾಡಿನ ಮಂಡಪಂ ಕಡೆಯಿಂದ ಹೊಸ ಬಿತ್ತನೆ ತರಬೇಕು. ಬಿತ್ತುವುದೆಂದರೆ ಹಸಿ ಕಳೆಯ ತುಂಡುಗಳನ್ನೇ ತೆಪ್ಪದ ಹಗ್ಗಕ್ಕೆ ಕಟ್ಟುವುದು. 12 ಅಡಿ ಚೌಕದ ಒಂದು ತೆಪ್ಪಕ್ಕೆ ತಲಾ 150 ಗ್ರಾಂ ತುಂಡುಗಳಂತೆ ಸುಮಾರು 60 ಕಿಲೋ ಬೇಕು. ದಾರಿಯಲ್ಲಿ ಕೊಳೆತಷ್ಟೂ ಹಗ್ಗ ಖಾಲಿ ಬಿದ್ದ ಹಾಗೆಯೇ.

ಡ್ರಮ್ಮಿನಲ್ಲಿ ಸಮುದ್ರದ ನೀರು ತುಂಬಿ, ಕಳೆ ಮುಳುಗಿಸಿ ತರುವವರೂ ಇದ್ದಾರೆ. ದೂರದ ದಾರಿಗೆ ಅದು ಬೇಡವೇ ಬೇಡ. ಬಾಡಿಗೆಯೆಲ್ಲ ನೀರಿನ ತೂಕಕ್ಕೇ ಹೋಗುತ್ತದೆ. ನಿಂತ ನೀರು ಬಿಸಿಯಾಗಿ ಕಳೆ ಲೋಳೆ ಬಿಡುತ್ತದೆ. ಈ ಕಳೆಗೆ ಪ್ರಯಾಣದಲ್ಲಿ ಬೇಕಾದದ್ದು ತೇವ, ನೆರಳು, ಗಾಳಿ ಅಷ್ಟೇ.

ಉಳಿದ ಎರಡನ್ನು ಒಂದೇ ಗಾಡಿಯಲ್ಲಿ, ಒಂದೇ ಕೊಯ್ಲಿನ ಕಳೆ ಹಾಕಿ ನೋಡಿದೆವು. ಗೋಣಿಚೀಲ ಅಗ್ಗ, ಗಾಳಿಯಾಡುತ್ತದೆ, ಮತ್ತೆ ಮತ್ತೆ ಬಳಸಬಹುದು. ಗೊಬ್ಬರ ತುಂಬಿದ್ದ ಚೀಲ ಮಾತ್ರ ಮುಟ್ಟಬೇಡಿ. ಆದರೆ ಚೀಲದ ಮೇಲಿನ ಕಳೆ ಗಾಳಿಗೆ ಒಣಗುತ್ತದೆ, ಅಡಿಯದು ಭಾರಕ್ಕೆ ಜಜ್ಜಿ ಬಿಸಿಯಾಗುತ್ತದೆ. ದಾರಿಯುದ್ದಕ್ಕೂ ಚಿಮುಕಿಸಲು ಕ್ಯಾನಿನಲ್ಲಿ ಸಮುದ್ರದ ನೀರು ಇಟ್ಟುಕೊಳ್ಳಲೇಬೇಕು. ಡ್ರೈವರ್ ಪಾಪ, ಒಳ್ಳೆಯ ಮನಸ್ಸಿನಿಂದಲೇ ಡಾಬಾದ ನಲ್ಲಿ ನೀರು ಹಾಕಿಬಿಡಬಹುದು. ಸಿಹಿನೀರು ಬಿದ್ದರೆ ಕಳೆ ಬಿಳಚಿಕೊಂಡು ಸಾಯುತ್ತದೆ. ಇದನ್ನು ಹೊರಡುವ ಮೊದಲೇ ಅವರಿಗೆ ಬಿಡಿಸಿ ಹೇಳಿ.

ಥರ್ಮಾಕೋಲ್ ಪೆಟ್ಟಿಗೆಯ ಕೆಲಸ ಜಾಸ್ತಿ. ಅಡಿಯಲ್ಲಿ ಸಮುದ್ರದ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆ, ಅದರ ಮೇಲೆ ತೆಳುವಾಗಿ ಕಳೆ, ಮತ್ತೆ ಬಟ್ಟೆ. ಒತ್ತಿ ತುಂಬಬಾರದು. ಮುಚ್ಚಳದ ಹತ್ತಿರ ಗಾಳಿಗೆ ತೂತು ಬೇಕು. ಮೀನಿಗೆ ಹಾಕುವ ಹಾಗೆ ಐಸ್ ಸುರಿಯಬಾರದು. ಕರಗಿದರೆ ಅದೂ ಸಿಹಿನೀರೇ ಅಲ್ವಾ? ತೀರಾ ಸೆಕೆಯಿದ್ದರೆ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ಕಾಗದ ಸುತ್ತಿ ಮೂಲೆಯಲ್ಲಿಡಿ. ಇದು ಬೆಚ್ಚಗಿನ ಕಡಲಿನ ಕಳೆ, ಅತಿ ತಂಪೂ ಆಗದು.

ಊರಿಗೆ ಬಂದು ಬಿಚ್ಚಿದಾಗ ವ್ಯತ್ಯಾಸ ಕೈಗೇ ಗೊತ್ತಾಯಿತು. ಪೆಟ್ಟಿಗೆಯ ಕಳೆಯ ಕವಲು ಬಗ್ಗಿಸಿದರೆ ಟಕ್ ಎಂದು ಮುರಿಯುತ್ತಿತ್ತು. ಗೋಣಿಯ ತಳದ್ದು ರಬ್ಬರಿನಂತೆ ಬಾಗಿತು, ತುದಿಗಳು ಬೆಳ್ಳಗಾಗಿದ್ದವು, ಬೆರಳಿಗೆ ಲೋಳೆ ಅಂಟಿತು. ನಡುವಿನದು ಮಾತ್ರ ಚೆನ್ನಾಗಿತ್ತು. ಬೆಳ್ಳಗಾದದ್ದನ್ನು ಕತ್ತರಿಸಿ, ಉಳಿದದ್ದನ್ನು ಬಲೆಚೀಲದಲ್ಲಿ ಹಾಕಿ ಒಂದು ರಾತ್ರಿ ಕಡಲಲ್ಲಿ ತೇಲಿಬಿಟ್ಟೆವು. ಬೆಳಿಗ್ಗೆ ಗಟ್ಟಿ ತುಂಡುಗಳನ್ನಷ್ಟೇ ಹಗ್ಗಕ್ಕೆ ಕಟ್ಟಿದೆವು. ಕತ್ತರಿಸಿ ತೆಗೆದದ್ದನ್ನು ದಡದ ಮೇಲೆ ಒಣಗಿಸಿ. ಇದು ಹೊರಗಿನಿಂದ ಬಂದ ಜಾತಿ, ಮನ್ನಾರ್ ಕೊಲ್ಲಿಯ ಹವಳದ ಮೇಲೆ ಹಬ್ಬಿದ್ದೂ ಇದೆ. ಸುಮ್ನೆ ನೀರಿಗೆ ಎಸೆಯಬೇಡಿ.

ಮಂಡಪಂನಿಂದ ತರುವುದಾದರೆ ನನ್ನ ಮತ ಪೆಟ್ಟಿಗೆಗೇ, ಅದೂ ಆದಷ್ಟು ರಾತ್ರಿ ಪ್ರಯಾಣದಲ್ಲಿ. ಬೆಳೆ ಕೈಗೆ ಬಂದ ಮೇಲೆ, ಸುಮಾರು 45 ದಿನಕ್ಕೆ, ಪಕ್ಕದ ಊರಿನವರಿಗೆ ಬಿತ್ತನೆ ಕೊಡುವಾಗ ಒದ್ದೆ ಗೋಣಿ ಧಾರಾಳ ಸಾಕು.