ವಿಮಾನದ ದೂರ ಹೇಳುವ ಸೈಟು: ಕಿಲೋಮೀಟರ್ ಸರಿ, ಗಂಟೆ ನಂಬಬೇಡಿ

ಎರಡು ಊರಿನ ಹೆಸರು ಹಾಕಿದರೆ ವಿಮಾನದ ದೂರ, ಹಿಡಿಯುವ ಸಮಯ ಎರಡನ್ನೂ ಹೇಳುವ ಒಂದು ಫ್ರೀ ವೆಬ್‌ಸೈಟನ್ನು ಬಹಳ ದಿನದಿಂದ ಬಳಸುತ್ತಿದ್ದೇನೆ. ಹೆಸರು ಬೇಡ ಬಿಡಿ, ಇಂಥವೆಲ್ಲ ಹೆಚ್ಚುಕಮ್ಮಿ ಒಂದೇ ಥರ.

ದೂರದ ಲೆಕ್ಕಕ್ಕೆ ಫುಲ್ ಮಾರ್ಕ್ಸ್. ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೋ ಎಂದು ಹಾಕಿದರೆ ಸುಮಾರು 14,000 ಕಿ.ಮೀ. ಬರುತ್ತದೆ. ಗ್ಲೋಬ್ ಮೇಲೆ ದಾರ ಬಿಗಿಯಾಗಿ ಎಳೆದು ಹಿಡಿದರೆ ಸಿಗುವ ದಾರಿ ಅದು, ಸೈಬೀರಿಯಾ, ಅಲಾಸ್ಕಾ ಮೇಲೆ ಹಾದು ಹೋಗುತ್ತದೆ. ಒಂದೇ ಎಚ್ಚರಿಕೆ: ಊರಿನ ಹೆಸರಿನ ಬದಲು ಏರ್‌ಪೋರ್ಟ್ ಕೋಡ್ ಹಾಕಿ. ಬರೀ 'ಸ್ಯಾನ್ ಹೋಸೆ' ಎಂದು ಟೈಪ್ ಮಾಡಿದರೆ ಇದು ಕ್ಯಾಲಿಫೋರ್ನಿಯಾ ಬಿಟ್ಟು ಸೀದಾ ಕೋಸ್ಟಾರಿಕಾಗೆ ಕರೆದುಕೊಂಡು ಹೋಗುತ್ತದೆ. ಎಸ್‌ಜೆಸಿ ಎಂದು ಹಾಕಿದರೆ ಸರಿಯಾಗುತ್ತದೆ.

ಎಡವಟ್ಟು ಇರುವುದು ಟೈಮ್‌ನಲ್ಲಿ. ದೂರವನ್ನು ಗಂಟೆಗೆ 900 ಕಿ.ಮೀ.ಯಿಂದ ಭಾಗಿಸಿ 'ಹದಿನೈದೂವರೆ ಗಂಟೆ' ಎಂದು ಸುಮ್ನೆ ಬರೆದುಬಿಡುತ್ತದೆ, ಹೋಗುವುದಕ್ಕೂ ಅಷ್ಟೇ, ಬರುವುದಕ್ಕೂ ಅಷ್ಟೇ. ಹಾಗೆ ಆಗುತ್ತಾ? 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿ ಹಿಡಿದು ಬೆಂಗಳೂರಿಗೆ ಬಂತಲ್ಲ, ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಣ್ಣುಮಕ್ಕಳೇ ಇದ್ದರು, ಅದಕ್ಕೆ 17 ಗಂಟೆಗೂ ಜಾಸ್ತಿ ಹಿಡಿಯಿತು.

ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ, ಪೂರ್ವಕ್ಕೆ ಹೋಗುವ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ. 2016ರಲ್ಲಿ ಏರ್ ಇಂಡಿಯಾ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಪಶ್ಚಿಮದ ಅಟ್ಲಾಂಟಿಕ್ ದಾರಿ ಬಿಟ್ಟು ಪೂರ್ವಕ್ಕೆ, ಪೆಸಿಫಿಕ್ ಕಡೆಯಿಂದ ಓಡಿಸಿತು. ದಾರಿ 1,400 ಕಿ.ಮೀ. ಜಾಸ್ತಿ, ಒಟ್ಟು ಸುಮಾರು 15,300 ಕಿ.ಮೀ., ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಹಳೇ ದಾರಿಗಿಂತ ಹತ್ತಿರ ಹತ್ತಿರ ಎರಡು ಗಂಟೆ ಬೇಗ. ದೂರ ಜಾಸ್ತಿ, ಟೈಮ್ ಕಮ್ಮಿ! ಈ ಸೈಟಿಗೆ ಇದು ಯಾವ ಜನ್ಮಕ್ಕೂ ಅರ್ಥವಾಗುವುದಿಲ್ಲ.

ಮುಚ್ಚಿದ ಆಕಾಶವೂ ಇದರ ಲೆಕ್ಕದಲ್ಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ದಾರಿ ಮುಚ್ಚಿದ ಮೇಲೆ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವು ಅರಬ್ಬೀ ಸಮುದ್ರದ ಕಡೆಯಿಂದ ಸುತ್ತಬೇಕಾಯಿತು. ಸೈಟಿನ ಗೆರೆ ಮಾತ್ರ ಪಾಕಿಸ್ತಾನದ ಮೇಲೇ ನೆಟ್ಟಗೆ.

ಇನ್ನು ಜಾಹೀರಾತಿನ ಕಾಟ. 'ಲೆಕ್ಕ ಹಾಕಿ' ಎನ್ನುವ ಬಟನ್ ಕೆಳಗೇ ಅದೇ ಬಣ್ಣದ, ಅದೇ ಸೈಜಿನ ಇನ್ನೊಂದು ಬಟನ್ ಇಟ್ಟಿದ್ದಾರೆ, ಒತ್ತಿದರೆ ಯಾವುದೋ ಹೋಟೆಲ್ ಬುಕಿಂಗ್ ತೆರೆದುಕೊಳ್ಳುತ್ತದೆ. ಮೊಬೈಲಿನಲ್ಲಿ ವಯಸ್ಸಾದವರು ನೋಡುವಾಗ ಇದು ನಿಜಕ್ಕೂ ತಲೆನೋವು.

ಅಪ್ಪ ಅಮ್ಮನನ್ನು ಕರೆದುಕೊಂಡು ಬರಲು ದೇವನಹಳ್ಳಿಗೆ ಎಷ್ಟು ಹೊತ್ತಿಗೆ ಹೊರಡಬೇಕು ಎನ್ನುವುದು ನಿಮ್ಮ ಪ್ರಶ್ನೆಯಾದರೆ ಈ ಸೈಟಿನ ತಂಟೆಗೇ ಹೋಗಬೇಡಿ. ವಿಮಾನಗಳ ಓಡಾಟ ತೋರಿಸುವ ಫ್ಲೈಟ್‌ರಾಡಾರ್24 ಎಂಬ ಸೈಟಿನಲ್ಲಿ ವಿಮಾನದ ನಂಬರ್ ಹಾಕಿ, ಹಿಂದಿನ ಕೆಲವು ದಿನ ಅದೇ ವಿಮಾನ ಎಷ್ಟಕ್ಕೆ ಹೊರಟು ಎಷ್ಟಕ್ಕೆ ಇಳಿಯಿತು ಎನ್ನುವುದು ಸಾಲಾಗಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಇಮಿಗ್ರೇಷನ್ ಕ್ಯೂ, ಲಗೇಜು ಬೆಲ್ಟಿನ ಟೈಮ್ ಮಾತ್ರ ನೀವೇ ಸೇರಿಸಿಕೊಳ್ಳಿ.